ಒಬ್ಬರ ಇದ್ದಾಗ ಕಿರಾಣಿ ಖರ್ಚು ಕಡಿಮಿ ಮಾಡೋದು ಹೆಂಗ? ಬೆಳಗಾವಿ ಖೋಲಿಯಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ನಂದು ಮುದ್ದೇಬಿಹಾಳ ತಾಲೂಕಿನ ಹಳ್ಳಿ. ಈಗ ಬೆಳಗಾವ್ಯಾಗ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಾಗ ಕೆಲಸ, ಅನಗೋಳದಾಗ ಒಬ್ಬನ ಖೋಲಿ ಮಾಡ್ಕೊಂಡು ಇದೀನಿ. ಪಗಾರ 19 ಸಾವಿರ ಕೈಗೆ ಬರ್ತೈತಿ, ಅದ್ರಾಗ ಊಟದ್ದ 7 ಸಾವಿರ ದಾಟ್ತೈತಿ. ಕಿರಾಣಿ ತಂದ್ರೂ ಹೊರಗ ತಿನ್ನೋದು ತಪ್ಪಂಗಿಲ್ಲ, ತಂದ ಕಾಯಿಪಲ್ಲೆ ಕೊಳತು ಹೋಗ್ತಾವ. ಫ್ರಿಜ್ ಇಲ್ಲ, ಒಂದ ಒಲಿ ಗ್ಯಾಸ್ ಐತಿ. ಅನ್ನ, ಸಾರು, ಉಪ್ಪಿಟ್ಟು ಮಾಡಾಕ ಬರ್ತೈತಿ, ರೊಟ್ಟಿ ಬರಂಗಿಲ್ಲ. ಎಲ್ಲಿ ಏನ್ ತಗೊಂಡ್ರ ಸೋವಿ ಬೀಳ್ತೈತಿ? ಕಂತಿನ ಮ್ಯಾಲ ಫ್ರಿಜ್ ತಗೊಂಡ್ರ ಉಳಿತಾಯ ಆಗ್ತೈತೇನು?

ಉತ್ತರ:

ನೋಡ್ರಿ ತಮ್ಮಾ, ಎಲ್ಲಿ ಸೋವಿ ಅನ್ನೋದಕ್ಕ ಆಮೇಲೆ ಬರ್ತೀನಿ. ನೀವು ಬರದಿದ್ರಾಗ ನನಗ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು "ಕಿರಾಣಿ ತಂದ್ರೂ ಹೊರಗ ತಿನ್ನೋದು ತಪ್ಪಂಗಿಲ್ಲ" ಅನ್ನೋ ಒಂದು ಸಾಲು. ಅಂದ್ರ ಒಂದ ಊಟಕ್ಕ ಎರಡು ಸಲ ರೊಕ್ಕ ಕೊಡಾಕತ್ತೀರಿ, ಒಮ್ಮೆ ಕಿರಾಣಿ ಅಂಗಡ್ಯಾಗ, ಇನ್ನೊಮ್ಮೆ ಖಾನಾವಳ್ಯಾಗ. ಗೃಹ ವಿಜ್ಞಾನ ಕಲಿಸ್ಕೋತ, ಹುಡುಗ ಹುಡುಗ್ಯಾರ ಖರ್ಚಿನ ಲೆಕ್ಕ ನೋಡ್ಕೋತ ಬಂದಾಕಿ ನಾನು, ಒಬ್ಬೊಬ್ರ ಇರೋರ ಲೆಕ್ಕದಾಗ ಹೆಚ್ಚುಕಮ್ಮಿ ಇದ ಕಾಣಸ್ತೈತಿ. ಎಲ್ಲಾರೂ ರೇಟ್ ತುಟ್ಟಿ ಆಗ್ಯಾವು ಅಂತಾರ, ಆಗ್ಯಾವು ಖರೆ, ಆದ್ರ ಆ ಖರ್ಚಿನ್ಯಾಗ ರೇಟಿನ ಪಾಲು ಸಣ್ಣದು, ಕೊಳತು ಚೆಲ್ಲಿದ್ದು ಮತ್ತ ಹಸಿವಿಗೆ ತಡಿಲಾರದ ಹೊರಗ ತಿಂದಿದ್ದು ದೊಡ್ಡದು.

ಲೆಕ್ಕ ಹಾಕಿ ನೋಡ್ರಿ. ಕಿಲೋ 40 ರೂಪಾಯಿ ಅಂತ ಟಮಾಟಿ ತಂದ್ರಿ, ಅದ್ರಾಗ ಅರ್ಧ ಕೊಳತು ಹೋಯ್ತು ಅಂದ್ರ ನೀವು ತಿಂದ ಟಮಾಟಿ ಕಿಲೋಕ್ಕ 80 ಬಿತ್ತು. ಅದ ಓಣಿ ಅಂಗಡ್ಯಾಗ 50ರ ರೇಟಿನಾಗ ಪಾವಕಿಲೋ ತಂದು ಎಲ್ಲಾ ತಿಂದಿದ್ರ 50 ಅಷ್ಟ. ಅದಕ್ಕ ಕಿಲೋಕ್ಕ ಎಷ್ಟು ಅಂತ ಕೇಳೋದ್ರ ಜೋಡಿ ಒಂದು ಊಟಕ್ಕ ಎಷ್ಟು ಬಿತ್ತು ಅಂತ ನೋಡೋದನ್ನ ರೂಢಿ ಮಾಡ್ಕೋರಿ. ಐದು ಮಂದಿ ಇರೋ ಮನಿಗೆ ದೊಡ್ಡ ಪ್ಯಾಕ್ ಯಾವಾಗ್ಲೂ ಸೋವಿ, ಒಬ್ರಿಗೆ ಅದು ಅರ್ಧ ಸಾಮಾನಿಗೆ ಅಷ್ಟ ಖರೆ, ಯಾವ ಅರ್ಧ ಅನ್ನೋದನ್ನ ಕೆಳಗ ಹೇಳ್ತೀನಿ.

ಮೊದ್ಲ ಒಂದು ವಾರ ಏನೂ ಬದಲ ಮಾಡಬ್ಯಾಡ್ರಿ, ಬರೀ ಬರದ ಇಡ್ರಿ. ಮೂರು ಕಡೆ ಬರೀರಿ ಸಾಕು: ಒಣ ಸಾಮಾನು, ಹಸಿ ಸಾಮಾನು, ಹೊರಗಿನ ಊಟ ಚಾ ನಾಷ್ಟಾ. ಫೋನ್ ಪೇ ಗೂಗಲ್ ಪೇ ಮಾಡೋರಾದ್ರ ಅದ್ರ ಹಿಸ್ಟರಿ ತಗದು ನೋಡಿದ್ರೂ ನಡೀತೈತಿ, 10 ರೂಪಾಯಿ 20 ರೂಪಾಯಿ ಅಂತ ಸಣ್ಣ ಸಣ್ಣ ಹೋಗಿದ್ದೆಲ್ಲಾ ಅಲ್ಲಿ ಸಾಲಾಗಿ ಕಾಣಸ್ತಾವ. ಮೂರನೇದ್ದು ಮೊದಲಿನ ಎರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚಿದ್ರ ನಾ ಹೇಳೋದು ನಿಮಗ ಪೂರಾ ಹೊಂದತೈತಿ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಫ್ರಿಜ್ ಇಲ್ಲ, ದಿನಾ ಅಡಗಿ ಮಾಡಾಕ ಟೈಮ್ ಇಲ್ಲ, ಒಬ್ರ ಅದೀವಿ ಅಂದ್ರ ನಮ್ಮ ವಿಜಯಪುರ ಬಾಗಲಕೋಟಿ ಬೆಳಗಾವಿ ಕಡೆ ಊಟದಂಥ ಅನುಕೂಲದ ಊಟ ಮತ್ತೊಂದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮಡಕಿಕಾಳು, ಹೆಸರು, ಕಡ್ಲಿಹಿಟ್ಟಿನ ಝುಣಕ, ಒಣ ಖಾರ, ಇದ್ರಾಗ ಯಾವ್ದಕ್ಕೂ ಫ್ರಿಜ್ ಬೇಕಾಗಿಲ್ಲ. ಬೆಳಗಾವಿ ಊರು ಬಿಟ್ರ ಹೆಚ್ಚಿನದು ಮಳಿ ಕಡಿಮಿ ಇರೋ ಸೀಮಿ ನಮ್ಮದು, ವರ್ಷಾಪೂರ್ತಿ ಹಸಿ ಕಾಯಿಪಲ್ಲೆ ಸಿಗ್ತಿರಲಿಲ್ಲ, ಹೊಲಕ್ಕ ಬುತ್ತಿ ಕಟ್ಕೊಂಡು ಹೋದ್ರ ಸಂಜಿತನಾ ಕೆಡಬಾರದು, ಹಂಗಾಗಿ ನಮ್ಮ ಹಿರ್ಯಾರು ಕೆಡಲಾರದ ಅಡಗಿನ್ನ ರೂಢಿ ಮಾಡಿದ್ರು. ನೀವು ಆ ಊಟದಾಗ ಬೆಳೆದು ಬಂದು ಇಲ್ಲಿ ಬ್ರೆಡ್, ನೂಡಲ್ಸ್, ಎಗ್ ರೈಸ್ ಮ್ಯಾಲೆ ರೊಕ್ಕ ಹಾಕಾಕತ್ತೀರಿ ಅಂದ್ರ ನನಗ ಖರೇನ ಸಂಕಟ ಆಗ್ತೈತಿ. ಖೋಲ್ಯಾಗ ಡಬ್ಬಿ ತುಂಬ ಒಣ ಸಾಮಾನು ಕಾಯಂ ಇರ್ಬೇಕು, ಹಸಿದನ್ನ ಮಾತ್ರ ವಾರಕ್ಕ ಎರಡು ಸಲ ಸ್ವಲ್ಪ ಸ್ವಲ್ಪ ತರ್ಬೇಕು. ನನ್ನ ಇಡೀ ಸಲಹೆ ಇಷ್ಟ, ಉಳಿದದ್ದೆಲ್ಲಾ ಇದನ್ನ ನಡಸೋ ವಿವರ.

ರೊಟ್ಟಿ ಬರಂಗಿಲ್ಲ ಅಂತ ಬರದೀರಿ, ಬರ್ದಿದ್ರ ಇರ್ಲಿ, ಕಲಿಯೂತನಾ ಕಾಯೂದು ಬ್ಯಾಡ. ಬೆಳಗಾವ್ಯಾಗ ರೊಟ್ಟಿ ಬಡಿದು ಮಾರೋ ಹೆಣ್ಮಕ್ಳು ಓಣಿ ಓಣ್ಯಾಗ ಅದಾರ, ನಿಮ್ಮ ಏರಿಯಾದಾಗ ಯಾವ್ದಾರ ಕಿರಾಣಿ ಅಂಗಡ್ಯಾಗ ಕೇಳಿದ್ರ ಮನಿ ತೋರಸ್ತಾರ. ಖಡಕ್ ರೊಟ್ಟಿ ಕಟ್ಟು ಕಟ್ಟಿಸ್ಕೊಂಡು ಬಂದು ಒಣ ಬಟ್ಟಿ ಹಾಸಿದ ಡಬ್ಬ್ಯಾಗೋ ಬುಟ್ಟ್ಯಾಗೋ ಇಟ್ರ ತಿಂಗಳಗಟ್ಲೆ ಇರ್ತಾವ, ಮಳಿಗಾಲದಾಗ ಅಷ್ಟ ಗಾಳಿ ಆಡದಂಗ ಮುಚ್ಚಿಡ್ರಿ, ಬೆಳಗಾವಿ ಮಳ್ಯಾಗ ಎಂಥಾ ಖಡಕ್ ರೊಟ್ಟಿನೂ ಮೆತ್ತಗಾಗಿ ಬೂಸ್ಟು ಹಿಡೀತೈತಿ. ಒಂದು ರೊಟ್ಟಿ 7 ರೂಪಾಯಿ ಅಂತ ಹಿಡಿದ್ರೂ ದಿನಕ್ಕ ನಾಲ್ಕಕ್ಕ 28 ರೂಪಾಯಿ, ಖಾನಾವಳಿ ಒಂದ ಊಟದ ಬಿಲ್ಲಿಗೆ ಹೋಲಿಸಿ ನೀವ ನೋಡ್ರಿ. ಊರಿಗೆ ಹೋದಾಗ ಅವ್ವ ಬಡಿದು ಕೊಟ್ರಂತೂ ಕೇಳೂದ ಬ್ಯಾಡ, ತಿಂಗಳಿಗಾಗೋವಷ್ಟು ಕಟ್ಟಿಸ್ಕೊಂಡ ಬರ್ರಿ, ಅದ್ರಾಗ ನಾಚ್ಕೊಳ್ಳೋದು ಏನೂ ಇಲ್ಲ.

ಮನ್ಯಾಗ ಜ್ವಾಳ ಬೆಳಿತಿದ್ರ ಒಂದು ಹತ್ತು ಕಿಲೋ ಜ್ವಾಳಾನೂ ತರ್ರಿ. ಬರೀ ಜ್ವಾಳ ತರ್ರಿ, ಹಿಟ್ಟು ತರಬ್ಯಾಡ್ರಿ. ಜ್ವಾಳದ ಹಿಟ್ಟು ದಿನ ಆದಂಗ ಕಹಿ ಆಗ್ತೈತಿ, ಜಿಗಟು ಕಳ್ಕೊಂತೈತಿ, ಕಾಳು ಹಂಗಲ್ಲ, ಬಿಸಲಿಗೆ ಒಣಗಿಸಿ ಬೇವಿನ ಎಲಿ ಹಾಕಿ ಇಟ್ರ ವರ್ಷ ಇರ್ತೈತಿ. ಅದ್ರಾಗ ಸ್ವಲ್ಪ ಗಿರಣ್ಯಾಗ ನುಚ್ಚು ಒಡಿಸ್ಕೋರಿ. ಜ್ವಾಳದ ನುಚ್ಚಿಗೆ ಬಡಿಯೋದೂ ಬ್ಯಾಡ ತಟ್ಟೋದೂ ಬ್ಯಾಡ, ರಾತ್ರಿ ನೆನಿ ಇಟ್ಟು ಮುಂಜಾನೆ ಕುಕ್ಕರಿನ್ಯಾಗ ಕುದಿಸಿದ್ರ ಆತು, ಮಜ್ಜಿಗಿ ಹಾಕ್ಕೊಂಡು ಉಳ್ಳಾಗಡ್ಡಿ ಕಡಕೊಂಡು ಉಂಡ್ರ ಮಧ್ಯಾಹ್ನತನಾ ಹೊಟ್ಟಿ ಗಟ್ಟಿ. ಮಷಿನ್ ಮ್ಯಾಲೆ ನಿಂತು ದುಡಿಯೋ ಮೈಗೆ ಎರಡು ಇಡ್ಲಿ ನಾಷ್ಟಾ ಸಾಲಂಗಿಲ್ಲ, ಹನ್ನೊಂದಕ್ಕ ಹಸಿವಾಗಿ ಕ್ಯಾಂಟೀನ್‌ಗೆ ಓಡೋದು ಅದಕ್ಕ.

ಇನ್ನ ಕಾಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವ್ರು 2024ರಾಗ ಹೊಸ ಆಹಾರ ಮಾರ್ಗಸೂಚಿ ತಂದ್ರು, ಅದ್ರ ಪ್ರಕಾರ 2000 ಕ್ಯಾಲರಿ ಊಟದಾಗ ದಿನಕ್ಕ ಸುಮಾರು 85 ಗ್ರಾಂ ಬ್ಯಾಳಿಕಾಳು ಇರ್ಬೇಕು, ಅಂದ್ರ ತಿಂಗಳಿಗೆ ಎರಡೂವರಿ ಕಿಲೋ. ನಿಮ್ಮಂಗ ಮೈ ಮುರಿದು ದುಡಿಯೋರಿಗೆ ಮೂರು ಕಿಲೋ ಅಂತ ಹಿಡೀರಿ. ಒಬ್ಬೊಬ್ರ ಇರೋರು ಇದನ್ನ ಭಾಳ ಕಡಿಮಿ ತಿಂತಾರ, ಬರೀ ಅನ್ನ ತಿಳಿಸಾರು ಉಂಡು ಎರಡು ತಾಸಿಗೆ ಮತ್ತ ಹಸಿವು ಅಂತ ಭಜಿ ತಿಂತಾರ. ಮೂರು ಕಿಲೋನೂ ತೊಗರಿ ಬ್ಯಾಳಿನ ತಗೋಬ್ಯಾಡ್ರಿ, ಅದು ತುಟ್ಟಿ ಇದ್ದಾಗ ಒಂದು ಕಿಲೋಕ್ಕ ನಿಲ್ಲಸ್ರಿ, ಉಳಿದದ್ದು ಮಡಕಿ, ಹೆಸರು, ಕಡ್ಲಿ, ಅಲಸಂದಿ, ಮಸೂರಿ, ಯಾವ್ದು ಆ ತಿಂಗಳ ಸೋವಿ ಐತಿ ಅದು. ಪ್ರೋಟೀನ್ ಎಲ್ಲಾದ್ರಾಗೂ ಹೆಚ್ಚುಕಮ್ಮಿ ಒಂದ, ನೂರು ಗ್ರಾಂ ಒಣ ಕಾಳಿಗೆ 20 ಗ್ರಾಂದ ಆಜುಬಾಜು.

ಮಡಕಿಕಾಳಂತೂ ಒಬ್ರಿಗೇ ಅಂತ ಮಾಡಿದಂಗ ಐತಿ. ರಾತ್ರಿ ಎರಡು ಮುಷ್ಟಿ ನೆನಿ ಹಾಕ್ರಿ, ಮುಂಜಾನೆ ನೀರು ಬಸಿದು ತೆಳ್ಳನ ಹತ್ತಿ ಬಟ್ಟ್ಯಾಗ ಕಟ್ಟಿ ಮೊಳಿಗೆ ಹಾಕಿ ಕೆಲಸಕ್ಕ ಹೋಗ್ರಿ. ಬ್ಯಾಸಗ್ಯಾಗ ಸಂಜಿ ಬರೋದ್ರಾಗ ಬಿಳಿ ಮೂತಿ ಹೊರಗ ಬಂದಿರ್ತಾವ, ಮಳಿಗಾಲದಾಗ ಬೆಳಗಾವಿ ಥಂಡಿಗೆ ಇನ್ನೊಂದು ರಾತ್ರಿ ಬೇಕಾಗ್ತೈತಿ, ಅಷ್ಟರಾಗ ಬಟ್ಟಿ ಒಣಗಿದ್ರ ಮ್ಯಾಲೆ ನೀರು ಚುಮುಕಿಸ್ರಿ. ಎರಡು ಮುಷ್ಟಿ ಇದ್ದದ್ದು ಉಬ್ಬಿ ಎರಡು ಪಟ್ಟಿಗಿಂತ ಹೆಚ್ಚಾಗ್ತೈತಿ. ಬಳ್ಳೊಳ್ಳಿ ಜಜ್ಜಿ ಒಗ್ಗರಣಿ ಕೊಟ್ಟು, ಉಳ್ಳಾಗಡ್ಡಿ ಖಾರ ಹಾಕಿ ಬಾಡಿಸಿದ್ರ ಹದಿನೈದು ನಿಮಿಷದಾಗ ಪಲ್ಯೆ ಆತು, ರಾತ್ರಿ ಊಟಕ್ಕ ಆಗಿ ಮುಂಜಾನೆ ಡಬ್ಬಿಗೂ ಆಗ್ತೈತಿ. ಮೊಳಿ ಲೋಳಿ ಆಗಿದ್ರ, ಹುಳಿ ವಾಸನಿ ಬಂದ್ರ ಮಾತ್ರ ತಿನ್ನಬ್ಯಾಡ್ರಿ.

ಶೇಂಗಾ ಚಟ್ನಿ ಮಾಡ್ಕೊಳಾಕ ಭಾನುವಾರ ಅರ್ಧಾ ತಾಸು ಕೊಡ್ರಿ. ಅರ್ಧಾ ಕಿಲೋ ಶೇಂಗಾ ಸಣ್ಣ ಉರಿ ಮ್ಯಾಲ ಹುರಿದು, ಆರಿದ ಮ್ಯಾಲ ಸಿಪ್ಪಿ ತಿಕ್ಕಿ ಊದಿ, ಒಣ ಖಾರ, ಉಪ್ಪು, ಬಳ್ಳೊಳ್ಳಿ, ಜೀರಗಿ ಹಾಕಿ ಕುಟ್ರಿ. ಕಲ್ಲು ಇಲ್ಲಂದ್ರ ಮಿಕ್ಸರ್ ಇರೋ ಮನಿಯವ್ರ ಹತ್ರ ನಿಲ್ಲಿಸಿ ನಿಲ್ಲಿಸಿ ತಿರುವಿಸ್ಕೋರಿ, ಒಮ್ಮೆಲೇ ತಿರುವಿದ್ರ ಎಣ್ಣಿ ಬಿಟ್ಟು ಮುದ್ದಿ ಆಗ್ತೈತಿ. ಒಣ ಡಬ್ಬ್ಯಾಗ ಎರಡು ಮೂರು ವಾರ ಆರಾಮ ಇರ್ತೈತಿ. ಶೇಂಗಾದಾಗ ಕಪ್ಪಾಗಿದ್ದು, ಬೂಸ್ಟು ಹಿಡಿದಿದ್ದು, ಕಹಿ ಇದ್ದದ್ದು ಆರಿಸಿ ಒಗೀರಿ, ಅದ್ರಾಗ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಹುರಿದ್ರೂ ಪೂರಾ ಹೋಗಂಗಿಲ್ಲ, ಅಲ್ಲಿ ಉಳಿತಾಯ ನೋಡಬಾರ್ದು. ಈ ಒಂದು ಡಬ್ಬಿ ಖೋಲ್ಯಾಗ ಇದ್ರ ಸಾಕು, ಪಲ್ಯೆ ಮಾಡಾಕ ಮನಸ್ಸಿಲ್ಲದ ದಿನ ರೊಟ್ಟಿ ಚಟ್ನಿ ಮಸರು ಉಂಡು ಮಲಗಬಹುದು, ಹೊರಗ ಹೋಗೋ ಪ್ರಸಂಗ ಬರಂಗಿಲ್ಲ.

ಎಲ್ಲಿ ತಗೋಬೇಕು ಅಂತ ಕೇಳಿದ್ರಿ. ಒಣ ಸಾಮಾನಿಗೆ ಪಗಾರ ಆದ ವಾರ ಒಮ್ಮೆ ರವಿವಾರ ಪೇಟಿಗೆ ಹೋಗಿ ಬರ್ರಿ, ಅದು ಬೆಳಗಾವಿ ಹೋಲ್‌ಸೇಲ್ ಕಿರಾಣಿ ಪೇಟಿ, ಅಲ್ಲಿ ಬಿಡಿ ತೂಗಿ ಕೊಡೋ ಅಂಗಡಿನೂ ಅದಾವ. ಅಕ್ಕಿ, ಬ್ಯಾಳಿ, ಶೇಂಗಾ, ಬೆಲ್ಲ, ಸಕ್ರಿ, ಚಾ ಪುಡಿ, ಒಣ ಮೆಣಸಿನಕಾಯಿ ಇಷ್ಟಕ್ಕ ಅಲ್ಲಿಗೆ ಹೋಗೋದು ಬರೋಬ್ಬರಿ. ಎರಡು ಮೂರು ಅಂಗಡ್ಯಾಗ ಬರೀ ತೊಗರಿಬ್ಯಾಳಿ, ಶೇಂಗಾ ಎರಡರ ರೇಟ್ ಕೇಳ್ರಿ, ಆ ಅಂಗಡಿ ಹೆಂಗ ಅನ್ನೋದು ಗೊತ್ತಾಗಿ ಬಿಡ್ತೈತಿ. ಮತ್ತ ಒಂದು ವಿಷಯ, 2022ರ ಜುಲೈ 18ರಿಂದ 25 ಕಿಲೋ ಒಳಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬ್ಯಾಳಿ, ಹಿಟ್ಟಿಗೆ 5 ಪರ್ಸೆಂಟ್ ಜಿಎಸ್‌ಟಿ ಬಿದ್ದೈತಿ, ಬಿಡಿ ತೂಗಿ ಕೊಡೋದಕ್ಕ ಇಲ್ಲ, ಅಂಗಡ್ಯಾಗ 26 ಕಿಲೋ ಅಕ್ಕಿ ಚೀಲ ಕಾಣಸೋದು ಅದಕ್ಕ. ಒಬ್ರಿಗೆ 26 ಕಿಲೋ ಯಾಕ ಬೇಕು, ಹುಳ ಹತ್ತಿ ಹೋಗ್ತೈತಿ, ಬಿಡಿ ಐದು ಕಿಲೋ ತಗೋರಿ. ಬಾಜು ಖೋಲ್ಯಾಗ ನಿಮ್ಮಂಗ ಇರೋ ಹುಡುಗ್ರು ಇದ್ರ ಮೂರು ಮಂದಿ ಕೂಡಿ ಒಂದು ಚೀಲ ತಂದು ಹಂಚ್ಕೋರಿ, ಅಕ್ಕಿ ಉಳ್ಳಾಗಡ್ಡಿ ಎರಡಕ್ಕೂ ಇದು ಚಲೋ ದಾರಿ, ರೊಕ್ಕದ ಲೆಕ್ಕ ಅವತ್ತಿನ ದಿನಾನ ಮುಗಿಸಿ ಬಿಡ್ರಿ ಅಷ್ಟ.

ಹಂಗಾಮು ನೋಡ್ಕೊಂಡು ತಗೊಳ್ಳೋದ್ರಾಗೂ ಲಾಭ ಐತಿ. ಹಿಂಗಾರಿ ಜ್ವಾಳ ರಾಶಿ ಆಗೋದು ಫೆಬ್ರವರಿ ಮಾರ್ಚ್ ಸುಮಾರಿಗೆ, ತೊಗರಿ ಡಿಸೆಂಬರ್ ಜನವರಿಗೆ. ಹೊಸಾ ಮಾಲು ಪೇಟಿಗೆ ಬಂದಾಗ ಸಾಮಾನ್ಯ ರೇಟ್ ಇಳೀತೈತಿ, ಮಳಿಗಾಲದಾಗ ಏರ್ತೈತಿ. ಆದ್ರ ಒಬ್ರು ಎರಡು ತಿಂಗಳಿಗಿಂತ ಹೆಚ್ಚಿಗಿ ಸಂಗ್ರಹ ಮಾಡೋದು ಬ್ಯಾಡ, ಅದರಾಗೂ ಹೆಸರು ಅಲಸಂದಿಗೆ ಹುಳ ಲಗೂನ ಬೀಳ್ತೈತಿ, ಅವನ್ನ ಒಂದೊಂದು ತಿಂಗಳದ್ದ ತರ್ರಿ.

ಈಗ ಮ್ಯಾಲೆ ಹೇಳಿದ ಅರ್ಧದ ಲೆಕ್ಕ. ದೊಡ್ಡದು ತಗೋಬೇಕಾಗಿದ್ದು ಅಕ್ಕಿ, ಉಪ್ಪು, ಸಕ್ರಿ, ಬೆಲ್ಲ, ಚಾ ಪುಡಿ, ಬಟ್ಟಿ ಪಾತ್ರಿ ಸಾಬೂನು. ಸಣ್ಣದು ತಗೋಬೇಕಾಗಿದ್ದು ಮಸಾಲಿ ಪುಡಿ, ಇಂಗು, ರವಾ, ಕಡ್ಲಿಹಿಟ್ಟು, ಎಣ್ಣಿ. ಮಸಾಲಿ ಪುಡಿದು ದೊಡ್ಡ ಪಾಕೀಟು ಒಡದು ಆರು ತಿಂಗಳು ಇಟ್ರ ಘಮಾನ ಹೋಗಿರ್ತೈತಿ, ಮತ್ತ ಎರಡು ಚಮಚ ಜಾಸ್ತಿ ಹಾಕ್ತೀರಿ. ಎಣ್ಣಿದ್ದು ಒಂದು ಸೂಕ್ಷ್ಮ ಐತಿ, ಲಕ್ಷ್ಯ ಕೊಟ್ಟು ಕೇಳ್ರಿ. ಒಂದು ಲೀಟರ್ ಅಡಗಿ ಎಣ್ಣಿ ತೂಕ ಸುಮಾರು 910 ಗ್ರಾಂ ಇರ್ತೈತಿ. ಈಗ ಬರೋ ಕೆಲವು ಪಾಕೀಟು ನೋಡಾಕ ಲೀಟರಿನಷ್ಟ ಕಾಣಸ್ತಾವ, ತಿರುಗಿಸಿ ನೋಡಿದ್ರ 850 ಗ್ರಾಂ, 800 ಗ್ರಾಂ ಅಂತ ಇರ್ತೈತಿ, ಐದು ಹತ್ತು ರೂಪಾಯಿ ಸೋವಿ ಅಂತ ತಗೊಂಡ್ರ ಎಣ್ಣಿನೂ ಅಷ್ಟ ಕಡಿಮಿ. ಪಾಕೀಟಿನ ಮ್ಯಾಲ ಎಂಆರ್‌ಪಿ ಹತ್ರಾನ ಯುನಿಟ್ ಸೇಲ್ ಪ್ರೈಸ್ ಅಂತ ಗ್ರಾಂಗೆ ಇಷ್ಟು, ಕಿಲೋಕ್ಕ ಇಷ್ಟು ಅಂತ ಹಾಕಿರ್ತಾರ, ಬಿಸ್ಕೀಟು, ಚಾ, ಎಣ್ಣಿ ಯಾವ್ದಾದ್ರೂ ಆ ಸಾಲು ನೋಡಿ ಹೋಲಿಸ್ರಿ, ಎಕ್ಸ್‌ಟ್ರಾ ಫ್ರೀ ಅಂತ ಬರದ ದೊಡ್ಡ ಅಕ್ಷರ ನೋಡಬ್ಯಾಡ್ರಿ. ಅದ ಪೋಷಣಾ ಸಂಸ್ಥೆ ಲೆಕ್ಕದಾಗ ದಿನಕ್ಕ ಎಣ್ಣಿ 27 ಗ್ರಾಂ, ಅಂದ್ರ ತಿಂಗಳಿಗೆ ಒಂದು ಲೀಟರ್ ಒಳಗ ಆಗ್ಬೇಕು, ನಿಮ್ಮದು ಎರಡು ಲೀಟರ್ ಆಗ್ತಿದ್ರ ರೊಕ್ಕಕ್ಕೂ ಛಲೋ ಅಲ್ಲ ಮೈಗೂ ಛಲೋ ಅಲ್ಲ.

ಓಣಿ ಕಿರಾಣಿ ಅಂಗಡಿ ಬಿಡಬ್ಯಾಡ್ರಿ, ಒಂದು ನಿಂಬಿಹಣ್ಣು, ಐದು ರೂಪಾಯಿ ಕೊತ್ತಂಬರಿ, ಎರಡು ತತ್ತಿ ಕೊಡೋರು ಅವರ. ಆದ್ರ ಉದ್ರಿ ಪುಸ್ತಕ ಮಾಡಿಸಬ್ಯಾಡ್ರಿ. ಉದ್ರಿ ಬರಸಿದಾಗ ನಾವು ರೇಟ್ ಕೇಳಂಗಿಲ್ಲ, ತೂಕ ನೋಡಂಗಿಲ್ಲ, ಬ್ಯಾಡಾದದ್ದೂ ಒಂದು ಎತ್ಕೊಂಡು ಬರ್ತೀವಿ. ಸೂಪರ್ ಮಾರ್ಕೆಟ್‌ಗೆ ಹೋಗೋದಾದ್ರ ಸಾಬೂನು, ಪೇಸ್ಟ್, ಎಣ್ಣಿ ಅಂಥಾದ್ದಕ್ಕ ಎರಡು ತಿಂಗಳಿಗೊಮ್ಮೆ ಹೋಗ್ರಿ, ಯಾದಿ ಬರಕೊಂಡು ಹೋಗ್ರಿ, ಉಂಡು ಹೋಗ್ರಿ.

ಕಾಯಿಪಲ್ಲೆಕ ಬೆಳಗಾವಿಯಂಥ ಊರಿಲ್ಲ. ಸುತ್ತಮುತ್ತ ಹಳ್ಳ್ಯಾಗ ಬೆಳೆದ ಮಾಲು ದಿನಾ ಇಲ್ಲಿಂದ ಗೋವಾಕ್ಕ ಲಾರಿಗಟ್ಲೆ ಹೋಗ್ತೈತಿ, ಹಂಗಾಗಿ ತಾಜಾಕ್ಕೇನೂ ಕೊರತಿ ಇಲ್ಲ. ಕೆಲಸ ಬಿಟ್ಟ ಮ್ಯಾಲ ಗಣಪತ್ ಗಲ್ಲಿ ಕಡೆ ಹೋಗಿ ನೋಡ್ರಿ, ದೀಪ ಹಚ್ಚೋ ಹೊತ್ತಿಗೆ ತಪ್ಪಲ ಪಲ್ಯೆ ಮಾರೋ ಅಜ್ಜಿಗೋಳು ಬುಟ್ಟಿ ಖಾಲಿ ಮಾಡಾಕ ನೋಡ್ತಿರ್ತಾರ, ಮಧ್ಯಾಹ್ನ ಒಂದು ಸೂಡಿಗೆ ಹೇಳಿದ ರೇಟಿನ್ಯಾಗ ಎರಡು ಸೂಡು ಬರ್ತಾವ. ಆದ್ರ ಎರಡು ಬರ್ತಾವ ಅಂತ ಒಂದ ನಮೂನಿದ್ದು ಎರಡು ತರಬ್ಯಾಡ್ರಿ. ಒಂದು ಮೆಂತ್ಯೆ ಇನ್ನೊಂದು ರಾಜಗಿರಿ ಕೊಡವ್ವ ಅಂತ ಕೇಳ್ರಿ, ಕೊಡ್ತಾರ, ಇಲ್ಲಂದ್ರ ಒಂದ ಸಾಕು. ಸೂಡು ಎತ್ತಿದಾಗ ತೂಕ ಬಂತು, ನಡುವ ಬೆರಳು ಹಾಕಿದ್ರ ಬೆಚ್ಚಗ ಹತ್ತಿತು ಅಂದ್ರ ನೀರು ಹೊಡೆದು ಹೊಡೆದು ಇಟ್ಟದ್ದು, ನಾಳಿಗೇ ಕೊಳಿತೈತಿ. ದೇಟು ಮುರಿದ್ರ ಟಕ್ ಅನ್ಬೇಕು, ಬೇರಿಗೆ ಮಣ್ಣು ಹತ್ತಿದ್ರೂ ಚಿಂತಿಲ್ಲ, ಮಣ್ಣಿದ್ದದ್ದು ಒಂದು ದಿನ ಹೆಚ್ಚಿಗಿ ತಡೀತೈತಿ. ಇದ ಅಜ್ಜಿಗೋಳ ಹತ್ರ ಚೌಕಾಶಿ ಭಾಳ ಮಾಡಬಾರ್ದು ಅನ್ನೋದು ನನ್ನ ಅಭಿಪ್ರಾಯ, ಐದು ರೂಪಾಯಿ ಅವರದ್ದ ಇರ್ಲಿ, ಉಳಿಸಾಕ ಬ್ಯಾರೆ ಜಾಗಾ ಭಾಳ ಅದಾವ.

ತಂದ ಮ್ಯಾಲ ಪ್ಲಾಸ್ಟಿಕ್ ಚೀಲದಾಗ ಗಂಟು ಹಾಕಿ ಇಡೋದ ನಿಮ್ಮ ಕಾಯಿಪಲ್ಲೆ ಕೊಳಿಯೋದಕ್ಕ ಕಾರಣ ಇದ್ದೀತು. ಬಂದ ಕೂಡ್ಲೆ ಬಿಡಿಸಿ ಹರವ್ರಿ. ಕೊತ್ತಂಬರಿ ನೀರಾರಿಸಿ ಪೇಪರಿನ್ಯಾಗ ಸುತ್ತಿಡ್ರಿ. ಆಲೂಗಡ್ಡಿ ಕತ್ತಲದಾಗ, ಉಳ್ಳಾಗಡ್ಡಿ ಬಳ್ಳೊಳ್ಳಿ ಗಾಳಿ ಆಡೋ ಬುಟ್ಟ್ಯಾಗ, ಎರಡನ್ನೂ ಬ್ಯಾರೆ ಬ್ಯಾರೆ. ಆಲೂಗಡ್ಡಿ ಹಸಿರಾಗಿದ್ರ ಆ ಭಾಗ ದಪ್ಪಗ ಕೆತ್ತಿ ಒಗೀರಿ, ಭಾಳ ಹಸಿರಾಗಿದ್ರ ಇಡೀದ ಒಗೀರಿ. ತಿನ್ನೋ ಕ್ರಮಾನೂ ಐತಿ: ತಂದ ದಿನ ತಪ್ಪಲು, ಮರುದಿನ ಬದನಿಕಾಯಿ, ಬೆಂಡಿ, ಹೀರಿ, ಚವಳಿಕಾಯಿ, ಅದ್ರ ಮುಂದಿನ ದಿನ ಗಜ್ಜರಿ, ಕ್ಯಾಬೀಜು, ಆಲೂಗಡ್ಡಿ, ಆಮೇಲೆ ಕಾಳು ಇಲ್ಲಾ ಝುಣಕ, ಆಮೇಲೆ ಮತ್ತ ಪೇಟಿ. ಹಿಂಗ ನಡದ್ರ ವಾರಕ್ಕ ಎರಡು ಸಲ ಹೋದ್ರ ಸಾಕಾಗ್ತೈತಿ, ಚೆಲ್ಲೋದು ಏನೂ ಇರಂಗಿಲ್ಲ.

ಯಾವ್ದಾರ ಒಂದು ಕಾಯಿಪಲ್ಲೆ ತುಟ್ಟಿ ಆತಂದ್ರ ಅದಕ್ಕ ಜೋತು ಬೀಳಬ್ಯಾಡ್ರಿ. 2023ರ ಜುಲೈದಾಗ ಟಮಾಟಿ ಕಿಲೋಕ್ಕ ನೂರು ದಾಟಿತ್ತು ನೆನಪಿರಬೇಕು ನಿಮಗ. ನಮ್ಮ ಸಾರಿಗೆ ಟಮಾಟಿ ಬೇಕಂತ ಏನಿಲ್ಲ, ಹುಣಸಿಹಣ್ಣು ಐತಿ, ಪುಂಡಿಪಲ್ಯೆ ಐತಿ, ಅದೂ ಹುಳಿನ, ಬ್ಯಾಳಿ ಜೋಡಿ ಕುದಿಸಿದ್ರ ರೊಟ್ಟಿಗೆ ಅದರ ರುಚಿ ಬ್ಯಾರೆನ. ವರ್ಷಕ್ಕೊಮ್ಮೆ ಊರಿಂದ ಒಂದು ಕಿಲೋ ಹುಣಸಿಹಣ್ಣು ತಂದಿಟ್ರ ಟಮಾಟಿ ರೇಟ್ ಏರಿದ್ರೂ ಇಳಿದ್ರೂ ನಿಮಗ ಸಂಬಂಧ ಇಲ್ಲ.

ಹಾಲು ದಿನಕ್ಕ ಅರ್ಧಾ ಲೀಟರ್ ಸಾಕು. ಮುಂಜಾನೆ ಕಾಸಿ ಚಾಕ್ಕ ತಗೊಂಡು, ಉಳಿದದ್ದನ್ನ ಉಗುರುಬೆಚ್ಚಗಿದ್ದಾಗ ಹೆಪ್ಪು ಹಾಕಿ ಹೋಗ್ರಿ, ಸಂಜಿಗೆ ಮಸರು ತಯಾರ. ಹಾಲಾಗೇ ಇಟ್ರ ಒಡೀತೈತಿ, ಮಸರು ಆದ್ರ ಮರುದಿನಕ್ಕೂ ಬರ್ತೈತಿ, ಹುಳಿ ಆದ್ರ ಮಜ್ಜಿಗಿ, ಅದೂ ಆತಂದ್ರ ಮಜ್ಜಿಗಿ ಸಾರು. ತತ್ತಿ ತಿನ್ನೋರಾದ್ರ ಒಂದು ತತ್ತ್ಯಾಗ ಸುಮಾರು 6 ಗ್ರಾಂ ಪ್ರೋಟೀನ್ ಇರ್ತೈತಿ, ಬೆಳಗಾವಿ ಹವಾಕ್ಕ ಒಂದು ವಾರ ಹೊರಗಿಟ್ರೂ ಏನಾಗಂಗಿಲ್ಲ, ಡೌಟ್ ಬಂದ್ರ ನೀರಾಗ ಬಿಟ್ಟು ನೋಡ್ರಿ, ಮ್ಯಾಲ ತೇಲಿದ್ದು ಹಳೇದು. ತತ್ತಿ ಸಾರಿಗಿಂತ ಸೋವಿ ಮತ್ತ ಲಗೂ ಆಗೋ ಊಟ ದುಡಿಯೋ ಹುಡುಗ್ರಿಗೆ ಕಡಿಮಿನ.

ಅನ್ನದ ಬಗ್ಗೆ ಒಂದು ಎಚ್ಚರ. ರಾತ್ರಿ ಉಳಿದ ಅನ್ನ ಮುಂಜಾನೆ ಒಗ್ಗರಣಿ ಹಾಕಿ ತಿನ್ನೋದು ರೂಢಿ, ಥಂಡಿ ದಿನದಾಗ ನಡೀತೈತಿ ಅಂತಾರ, ಆದ್ರ ಬ್ಯಾಸಗ್ಯಾಗ ಹೊರಗ ಇಟ್ಟ ಅನ್ನದಾಗ ಬೆಳಿಯೋ ಒಂದು ಬ್ಯಾಕ್ಟೀರಿಯಾದ ವಿಷ ಮತ್ತ ಬಿಸಿ ಮಾಡಿದ್ರೂ ಹೋಗಂಗಿಲ್ಲ. ಒಂದು ದಿನ ಹೊಟ್ಟಿ ಕೆಟ್ರ ದವಾಖಾನಿ ಖರ್ಚು ಮತ್ತ ಒಂದು ದಿನದ ಪಗಾರ ಎರಡೂ ಹೋದ್ವು. ಒಂದ ಹೊತ್ತಿಗಾಗೋವಷ್ಟ ಅಳತಿ ವಾಟಗ ಇಟ್ಕೊಂಡು ಅಕ್ಕಿ ಹಾಕ್ರಿ.

ಹೊರಗಿನ ಊಟ ಪೂರಾ ಬಿಡ್ರಿ ಅಂತ ನಾ ಹೇಳಂಗಿಲ್ಲ, ಹೇಳಿದ್ರೂ ನಡಿಯಂಗಿಲ್ಲ. ನಿಮ್ಮ ರೊಕ್ಕ ಹೋಗೋ ಟೈಮ್ ಯಾವ್ದು ಅಂದ್ರ ಸಂಜಿ ಶಿಫ್ಟ್ ಬಿಟ್ಟು ಖೋಲಿಗೆ ಮುಟ್ಟೋದ್ರ ನಡುವಿನ ಹಸಿವು. ಆ ಹೊತ್ತಿಗೆ ಭಜಿ, ಪಾವ್, ಚಾ, ಆಮೇಲೆ ಅಡಗಿ ಮಾಡಾಕ ಬ್ಯಾಸರ ಬಂದು ಫೋನ್‌ನಾಗ ಆರ್ಡರ್, ಅದಕ್ಕ ಡೆಲಿವರಿ ಚಾರ್ಜ್ ಬ್ಯಾರೆ. ಬ್ಯಾಗಿನ್ಯಾಗ ಒಂದು ಸಣ್ಣ ಡಬ್ಬಿ ಹುರಿದ ಶೇಂಗಾ ಬೆಲ್ಲ, ಇಲ್ಲಾ ಪುಠಾಣಿ, ಖೋಲ್ಯಾಗ ಒಂದು ಡಬ್ಬಿ ಚುರಮರಿ ಇಟ್ಕೋರಿ. ಚುರಮರಿಗೆ ಉಳ್ಳಾಗಡ್ಡಿ, ಖಾರ, ಹಸಿ ಎಣ್ಣಿ, ಶೇಂಗಾ ಹಾಕಿ ಕಲಸಾಕ ಎರಡು ನಿಮಿಷ, ಅಷ್ಟು ತಿಂದು ಕುಕ್ಕರ್ ಇಟ್ರ ಆರ್ಡರ್ ಮಾಡೋ ಮನಸ್ಸ ಬರಂಗಿಲ್ಲ. ವಾರಕ್ಕೊಂದು ದಿನ ಭಾನುವಾರ ಖಾನಾವಳ್ಯಾಗ ಹೊಟ್ಟಿ ತುಂಬ ಎಣಗಾಯಿ ರೊಟ್ಟಿ ಉಣ್ರಿ, ಅದನ್ನ ಬಜೆಟ್ಟಿನ್ಯಾಗ ಮೊದ್ಲ ಬರದಿಡ್ರಿ. ತಿಂಗಳ ಕೊನಿಗೆ ಕೈ ಖಾಲಿ ಆದಾಗ ಇಂದಿರಾ ಕ್ಯಾಂಟೀನ್ ಐತಿ, 5 ರೂಪಾಯಿ ನಾಷ್ಟಾ 10 ರೂಪಾಯಿ ಊಟ ಅಂತ ಶುರು ಆಗಿದ್ದು, ಅಲ್ಲಿ ಉಣ್ಣೋದು ಮರ್ಯಾದಿ ಕಡಿಮಿ ಅನ್ನೋ ವಿಚಾರ ತಲ್ಯಾಗ ಇದ್ರ ತಗದ ಹಾಕ್ರಿ.

ಊರಿನ ರೇಷನ್ ಕಾರ್ಡಿನ್ಯಾಗ ನಿಮ್ಮ ಹೆಸರು ಇದ್ರ, ಮನ್ಯಾವ್ರು ನಿಮ್ಮ ಪಾಲಿನ ಅಕ್ಕಿ ತಗೊಂಡು ನೀವು ಹೋದಾಗ ಕೊಡೋದು ಸರಳ. ಇ-ಕೆವೈಸಿ ಆಗಿದ್ದು ಖಾತ್ರಿ ಮಾಡ್ಕೋರಿ. ಗ್ಯಾಸಿಂದು ಉಳಿಸಾಕ ಮೂರ ಮಾತು, ಎರಡು ಮೂರು ಲೀಟರಿನ ಸಣ್ಣ ಕುಕ್ಕರ್ ಇರ್ಲಿ, ಕಾಳು ಯಾವಾಗ್ಲೂ ನೆನಿ ಹಾಕಿ ಕುದಿಸ್ರಿ, ಕೆಳಗ ಬ್ಯಾಳಿ ಮ್ಯಾಲ ಡಬ್ಬ್ಯಾಗ ಅಕ್ಕಿ ಇಟ್ರ ಒಂದ ಒಲಿಮ್ಯಾಲೆ ಎರಡೂ ಆಗ್ತಾವ.

ಒಟ್ಟು ಎಷ್ಟಕ್ಕ ಬಂದು ನಿಲ್ತೈತಿ ಅಂತ ಅಂದಾಜು ಹಾಕೋಣ, ರೇಟ್ ಹಂಗ ಹಿಂಗ ಆಗ್ತಾವ, ನೀವು ನಿಮ್ಮ ಅಂಗಡಿ ರೇಟ್ ಹಾಕಿ ತಿದ್ಕೋರಿ. ರೊಟ್ಟಿ ಕೊಂಡು ತಿಂದ್ರ 850, ಅಕ್ಕಿಗೆ 250, ಬ್ಯಾಳಿಕಾಳು ಶೇಂಗಾ ಕೂಡಿ 500, ಎಣ್ಣಿ ಸಕ್ರಿ ಚಾ ಮಸಾಲಿ 450, ಕಾಯಿಪಲ್ಲೆ 800, ಹಾಲು 700, ತತ್ತಿ ಬಾಳಿಹಣ್ಣು 400, ಗ್ಯಾಸ್ 300. ಇದು ನಾಲ್ಕೂಕಾಲು ಸಾವಿರ. ಭಾನುವಾರದ ಖಾನಾವಳಿ, ಗೆಳ್ಯಾರ ಜೋಡಿ ಚಾ ಅಂತ 600 ಇಟ್ರೂ 5 ಸಾವಿರದ ಒಳಗ ಐತಿ, ಅದೂ ಈಗಿನಕಿಂತ ಚಲೋ ಊಟ ಉಂಡು. ರೊಟ್ಟಿ ಊರಿಂದ ಬಂದ್ರ ಇನ್ನೂ ಕಡಿಮಿ. ನಾಲ್ಕು ಸಾವಿರದ ಕೆಳಗ ಇಳಿಸಾಕ ಹೋಗಬ್ಯಾಡ್ರಿ ತಮ್ಮಾ, ಹಾಲು ಕಾಳು ತತ್ತಿ ಕತ್ತರಿಸಿ ಉಳಿಸೋದು ಉಳಿತಾಯ ಅಲ್ಲ, ನಿಮ್ಮದು ದುಡಿಯೋ ಮೈ.

ಇನ್ನ ಫ್ರಿಜ್. ಈಗ ಬ್ಯಾಡ ಅಂತೀನಿ. ಒಬ್ರ ಖೋಲಿಗೆ, ಬೆಳಗಾವಿ ಹವಾಕ್ಕ, ವರ್ಷದಾಗ ಖರೇ ಬೇಕಾಗೋದು ಮಾರ್ಚ್ ಏಪ್ರಿಲ್ ಮೇ ಅಷ್ಟ. ಕಂತು ಪ್ರತಿ ತಿಂಗಳಾ ಹೋಗ್ತೈತಿ, ಕರೆಂಟ್ ಬಿಲ್ ಬ್ಯಾರೆ, ಖೋಲಿ ಬದಲ ಮಾಡಿದಾಗೊಮ್ಮೆ ಸಾಗಸೋ ಖರ್ಚು ಬ್ಯಾರೆ. ಮತ್ತ ಫ್ರಿಜ್ ಇದ್ದಲ್ಲಿ ತಂದು ತುಂಬೋದು ಹೆಚ್ಚಾಗ್ತೈತಿ, ಹಿಂದಿನ ಮೂಲ್ಯಾಗ ಸರಿದ ಡಬ್ಬಿ ಮರತ ಹೋಗ್ತೈತಿ. ಬ್ಯಾಸಗ್ಯಾಗ ಹಸಿ ಉಸುಕು ತುಂಬಿದ ಬುಟ್ಟ್ಯಾಗ ಒಂದು ಮಣ್ಣಿನ ಗಡಿಗಿ ಇಟ್ಟು, ಅದ್ರೊಳಗ ಹಾಲು ಮಸರು ಕೊತ್ತಂಬರಿ ಇಟ್ಟು ಹಸಿ ಬಟ್ಟಿ ಮುಚ್ರಿ, ನೀರು ಆರಿದಂಗ ಒಳಗ ತಂಪಾಗ್ತೈತಿ, ಒಂದು ದಿನದ ಮಟ್ಟಿಗೆ ಸಾಕು. ಮುಂದ ಒಂದು ವರ್ಷ ಇದ ರೀತಿ ನಡಿಸಿ ತಿಂಗಳಾ ಉಳಿದದ್ರಾಗ ಸ್ವಲ್ಪ ಬ್ಯಾರೆ ಖಾತೆಗೆ ಹಾಕ್ರಿ, ಆವಾಗ್ಲೂ ಬೇಕನಿಸಿದ್ರ ಕಂತು ಇಲ್ಲದ ಕ್ಯಾಶ್ ಕೊಟ್ಟು ಸೆಕೆಂಡ್ ಹ್ಯಾಂಡ್ ಒಂದು ಸಣ್ಣ ಸಿಂಗಲ್ ಡೋರ್ ತಗೊಳ್ರಿ, ತಗೊಳ್ಳೋ ಮೊದ್ಲ ಬಾಗಿಲದ ರಬ್ಬರ್ ಬಿಗಿ ಐತೇನು, ಅರ್ಧಾ ತಾಸು ಚಾಲೂ ಇಟ್ಟು ಐಸ್ ಪೆಟ್ಟಿಗಿ ತಂಪ ಹಿಡಿತೈತೇನು ನೋಡ್ಕೋರಿ.